ನಷ್ಟ ಯಾರ ಲೆಕ್ಕಕ್ಕೆ?



ನಾವು ಸೇರಿರುವ ಈ ಕೊಲಿಂಡೇಲ್‌ನಲ್ಲಿ 2013ರವರೆಗೆ ಬ್ರಿಟಿಷ್ ಲೈಬ್ರರಿಯ ಪತ್ರಿಕಾ ಭಂಡಾರವಿತ್ತು. 1984-85ರ ಕಲ್ಲಿದ್ದಲು ಗಣಿ ಮುಷ್ಕರದ ಸುದ್ದಿಯೆಲ್ಲ ಅಲ್ಲಿ ಕಟ್ಟುಕಟ್ಟಾಗಿ ಕೂತಿತ್ತು. ಥ್ಯಾಚರ್, ಸ್ಕಾರ್ಗಿಲ್, ಪೊಲೀಸರು – ಆ ಕಥೆ ನಿಮಗೆ ಗೊತ್ತು. ಚಾರ್ಟರ್ಡ್ ಅಕೌಂಟೆಂಟ್ ಆದ ನಾನು ಹೇಳಬೇಕೆಂದಿರುವುದು ಅದರ ಲೆಕ್ಕದ ಕಥೆ.

1984ರ ಮಾರ್ಚ್‌ನಲ್ಲಿ ದಕ್ಷಿಣ ಯಾರ್ಕ್‌ಷೈರ್‌ನ ಕಾರ್ಟನ್‌ವುಡ್ ಗಣಿಯನ್ನು ಮುಚ್ಚುವುದಾಗಿ ರಾಷ್ಟ್ರೀಯ ಕಲ್ಲಿದ್ದಲು ಮಂಡಳಿ ಹೇಳಿತು. ಬೆನ್ನಿಗೇ ಇನ್ನೊಂದು ಸುದ್ದಿ: ಒಟ್ಟು 20 ಗಣಿ, 20,000 ಉದ್ಯೋಗ ಹೋಗಲಿವೆ. ಕಾರಣ ಒಂದೇ, ನಷ್ಟ. ಮುಷ್ಕರ ಒಂದು ವರ್ಷ ನಡೆಯಿತು. ಸಂಘದಿಂದ ಮುಷ್ಕರದ ಭತ್ಯೆ ಬರಲಿಲ್ಲ. ಆದರೂ ಬಂದಿದೆ ಎಂದೇ ಎಣಿಸಿ ಸರ್ಕಾರ ಕುಟುಂಬಗಳ ನೆರವಿನಲ್ಲಿ ಮೊದಲಿಗೆ ವಾರಕ್ಕೆ 15 ಪೌಂಡ್ ಮುರಿದುಕೊಂಡಿತು. ಹೆಂಗಸರು ಸಾಮೂಹಿಕ ಅಡುಗೆಮನೆ ನಡೆಸಿ ಊರಿಗೆ ಊಟ ಹಾಕಿದರು. ಕೆಲಸಕ್ಕೆ ಮರಳಿದವರು, ಮರಳದವರು ಎಂದು ಒಂದೇ ಮನೆಯ ಅಣ್ಣತಮ್ಮಂದಿರು ಮಾತು ಬಿಟ್ಟರು.

1985ರ ಜನವರಿಯಲ್ಲಿ ಐವರು ಲೆಕ್ಕಶಾಸ್ತ್ರ ವಿದ್ವಾಂಸರು ನಮ್ಮ ವೃತ್ತಿಯ ‘ಅಕೌಂಟೆನ್ಸಿ’ ಪತ್ರಿಕೆಯಲ್ಲಿ ಮಂಡಳಿಯ ಲೆಕ್ಕವನ್ನೇ ಪ್ರಶ್ನಿಸಿದರು. ಗಣಿಯ ಖಾತೆಗೆ ಹಾಕಿದ್ದ ಕೆಲವು ಖರ್ಚುಗಳು, ಉದಾಹರಣೆಗೆ ಕೇಂದ್ರ ಕಚೇರಿಯ ವೆಚ್ಚ, ಹಿಂದೆ ತೋಡಿದ್ದರಿಂದ ನೆಲ ಕುಸಿದುದರ ಪರಿಹಾರ, ಗಣಿ ಮುಚ್ಚಿದರೂ ನಿಲ್ಲುವಂಥವಲ್ಲ. ಅವನ್ನು ತೆಗೆದು ನೋಡಿದರೆ ಕಾರ್ಟನ್‌ವುಡ್‌ನ ಚಿತ್ರವೇ ಬೇರೆ ಎಂಬುದು ಅವರ ವಾದ. ಮಂಡಳಿ ಒಪ್ಪಲಿಲ್ಲ. ಮಾರ್ಚ್‌ನಲ್ಲಿ ಮುಷ್ಕರ ಸೋತಿತು. ಆ ವರ್ಷವೇ ಗಣಿ ಮುಚ್ಚಿತು. ಇವತ್ತು ಅಲ್ಲಿ ಅಂಗಡಿ ಮಳಿಗೆಗಳಿವೆ.

ನಮ್ಮ ಕೆಜಿಎಫ್ ನೆನಪಾಗದೆ ಇರುತ್ತದೆಯೇ? 2001ರ ಫೆಬ್ರುವರಿ 28ರಂದು ಚಿನ್ನದ ಗಣಿ ನಿಂತಿತು. ಅಲ್ಲಿಯೂ ನಷ್ಟದ ಲೆಕ್ಕವೇ. ಇವತ್ತಿಗೂ ಅಲ್ಲಿಯ ಜನ ನಸುಕಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಆ ಪ್ರಯಾಣದ ಖರ್ಚು ಯಾವ ಕಂಪನಿಯ ಖಾತೆಯಲ್ಲೂ ಇಲ್ಲ.

ನಷ್ಟದ ಗಣಿಯನ್ನು ಎಂದೂ ಮುಚ್ಚಬಾರದು ಎಂದು ನಾನು ಹೇಳುತ್ತಿಲ್ಲ. ಆದರೆ ಈ ಸಭೆಯಲ್ಲಿ ಇಂಥ ಪಟ್ಟಿ ತಯಾರಿಸುವವರೂ ಇದ್ದೀರಿ, ಪಟ್ಟಿಯಲ್ಲಿ ಒಂದು ಸಾಲಾಗಿರುವವರೂ ಇದ್ದೀರಿ. ‘ನಷ್ಟ’ ಎಂಬ ಮಾತು ಬಂದಾಗ ಎರಡು ಪ್ರಶ್ನೆ ಕೇಳಿ: ಮುಚ್ಚಿದರೆ ನಿಜವಾಗಿ ನಿಲ್ಲುವ ಖರ್ಚು ಎಷ್ಟು? ಉಳಿದದ್ದನ್ನು ಹೊರುವವರು ಯಾರು? ಉತ್ತರ ಸಿಗುವವರೆಗೆ ಸಹಿ ಹಾಕಬೇಡಿ.