ನಮ್ಮ ಸಂಘದ ಕಂಪ್ಯೂಟರಿನೊಳಗೆ ಇನ್ನೊಂದು ಸಂಘ
(ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ನನಗೂ ನಾಲ್ಕು ಮಾತಾಡಲು ಅವಕಾಶ ಕೊಟ್ಟಿದ್ದೀರಿ. ಪಿಯುಸಿ ಓದುವಾಗ ಎರಡು ಬೇಸಿಗೆ ರಜೆ ಇದೇ ಡೇರಿಯಲ್ಲಿ ಲ್ಯಾಕ್ಟೋಮೀಟರ್ ಹಿಡಿದು ನಿಂತವನು ನಾನು. ಆಗ ನನ್ನನ್ನು ಬೈಯದೆ ಬಿಟ್ಟವರು ಈ ಸಭೆಯಲ್ಲಿ ಹೆಚ್ಚು ಜನ ಇರಲಾರರು. ಕಾರ್ಯದರ್ಶಿಗಳು ಫೋನು ಮಾಡಿ, "ಕಂಪ್ಯೂಟರ್ ಬಗ್ಗೆ ಏನಾದ್ರೂ ಹೇಳಪ್ಪ, ಆದ್ರೆ ನಮಗೆ ಅರ್ಥ ಆಗೋ ಹಾಗೆ ಹೇಳು" ಅಂದರು. ಹಾಗಾಗಿ ದೊಡ್ಡ ವಿಷಯ ಬಿಟ್ಟು, ನಮ್ಮ ಆಫೀಸಿನ ಕಿಟಕಿ ಪಕ್ಕ ಬಟ್ಟೆ ಹೊದ್ದುಕೊಂಡು ಕೂತಿರುವ ಹಳೆಯ ಕಂಪ್ಯೂಟರಿನ ವಿಷಯವನ್ನೇ ಹೇಳುತ್ತೇನೆ.

ಆ ಕಂಪ್ಯೂಟರ್ ಬಂದಾಗ ಅದರಲ್ಲಿ ಷೇರು ರಿಜಿಸ್ಟರಿಗೆ ಅಂತ ಒಂದು ಪ್ರೋಗ್ರಾಂ ಹಾಕಿಸಿದ್ದೆವು. ವರ್ಷ ವರ್ಷ ಹಣ ಕಟ್ಟಬೇಕಿತ್ತು, ಕಟ್ಟಿದೆವು. ಒಂದು ವರ್ಷ ಕಟ್ಟಲು ಹೋದರೆ ಅಂಗಡಿಯೇ ಇಲ್ಲ. ಫೋನು ಎತ್ತುವವರಿಲ್ಲ. ನಮ್ಮದೇ ಸದಸ್ಯರ ಹೆಸರು, ನಮ್ಮದೇ ಷೇರು ಲೆಕ್ಕ, ಆದರೆ ಬೀಗದ ಕೈ ಮಾತ್ರ ಬೇರೆಯವರ ಹತ್ತಿರ. ಕೊನೆಗೆ ಕಾರ್ಯದರ್ಶಿಗಳೂ ನಾನೂ ಹಳೆಯ ಕಾಗದದ ರಿಜಿಸ್ಟರ್ ಮುಂದಿಟ್ಟುಕೊಂಡು ಅಷ್ಟನ್ನೂ ಮತ್ತೆ ಹೊಡೆದೆವು. ಅದೇ ಸುಮಾರಿಗೆ, 2014ರ ಏಪ್ರಿಲ್ 8ಕ್ಕೆ, ಆ ಕಂಪ್ಯೂಟರಿನಲ್ಲಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಕಂಪನಿ ಬೆಂಬಲ ನಿಲ್ಲಿಸಿತು. ಆಗ ನಾನು ಅದರಲ್ಲಿ ಡೆಬಿಯನ್ ಅನ್ನುವ ಲಿನಕ್ಸ್ ಹಾಕಿದೆ. ಲೆಕ್ಕವನ್ನೆಲ್ಲ ಯಾವ ಬೀಗವೂ ಇಲ್ಲದ ಸಾಮಾನ್ಯ ಫೈಲಿನಲ್ಲಿ ಇಟ್ಟೆ. "ದುಡ್ಡೆಷ್ಟಪ್ಪ?" ಅಂತ ಆಗಿನ ಅಧ್ಯಕ್ಷರು ಕೇಳಿದರು. ಏನೂ ಇಲ್ಲ ಅಂದೆ. "ಹಾಗಾದ್ರೆ ಅದರ ಯಜಮಾನ ಯಾರು?" ಅಂತ ಮತ್ತೆ ಕೇಳಿದರು. ಆ ಪ್ರಶ್ನೆಗೆ ಅವತ್ತು ಸರಿಯಾಗಿ ಉತ್ತರ ಕೊಟ್ಟಿರಲಿಲ್ಲ. ಇವತ್ತು ಕೊಡುತ್ತೇನೆ.

ಲಿನಕ್ಸ್ ಅಂದರೆ ಕಂಪ್ಯೂಟರಿನ ಒಳಗಿನ ಎಂಜಿನ್ನು. ಅದನ್ನು 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಶುರು ಮಾಡಿದ. ಬರೀ ಎಂಜಿನ್ನಿನಿಂದ ಟ್ರ್ಯಾಕ್ಟರ್ ಆಗುವುದಿಲ್ಲವಲ್ಲ. ಚಕ್ರ, ಸ್ಟೇರಿಂಗು, ಸೀಟು ಎಲ್ಲ ಜೋಡಿಸಿ ಕೊಡುವವರು ಬೇಕು. ಹಾಗೆ ಜೋಡಿಸಿ ಹಂಚುವ ಗುಂಪುಗಳಲ್ಲಿ ಡೆಬಿಯನ್ ಒಂದು. ಅಮೆರಿಕದ ಇಂಡಿಯಾನಾದಲ್ಲಿ ಓದುತ್ತಿದ್ದ ಇಯಾನ್ ಮರ್ಡಾಕ್ 1993ರ ಆಗಸ್ಟ್ 16ರಂದು ಅದನ್ನು ಪ್ರಕಟಿಸಿದ. ಗೆಳತಿ ಡೆಬ್ರಾಳ ಹೆಸರಿಗೆ ತನ್ನ ಹೆಸರು ಸೇರಿಸಿ ಡೆಬಿಯನ್ ಅಂತ ಕರೆದ.

ಅದು ಕಂಪನಿ ಅಲ್ಲ. ಬೇರೆ ಬೇರೆ ದೇಶಗಳಲ್ಲಿ ಹರಡಿರುವ ಸುಮಾರು ಒಂದು ಸಾವಿರ ಸದಸ್ಯರ ಸಂಘ. 1997ರಲ್ಲಿ ಬಳಸುವ ಜನರಿಗೆ ಒಂದು ವಾಗ್ದಾನ ಬರೆದುಕೊಟ್ಟರು, 1998ರಲ್ಲಿ ಬೈಲಾ ಮಾಡಿಕೊಂಡರು. ವಾಗ್ದಾನದಲ್ಲಿ ನನಗೆ ಹಿಡಿಸಿದ ಅಂಶ ಒಂದಿದೆ: ನಮ್ಮಲ್ಲಿ ಆಗುವ ತಪ್ಪುಗಳನ್ನು ಮುಚ್ಚಿಡುವುದಿಲ್ಲ ಅಂತ. ಯಾರು ಯಾವ ದೋಷ ತೋರಿಸಿದರೂ ಅದು ಎಲ್ಲರಿಗೂ ಕಾಣುವ ಪಟ್ಟಿಗೆ ಹೋಗುತ್ತದೆ. ನಮ್ಮ ಡೇರಿಯ ಗೋಡೆಗೆ ಪ್ರತಿ ದಿನದ ದೂರನ್ನು ಹಚ್ಚಿದ ಹಾಗೆ. (ಕಾರ್ಯದರ್ಶಿಗಳು ನಗುತ್ತಿದ್ದಾರೆ. ಗೋಡೆ ಸಾಲದು ಅಂತ ಇರಬೇಕು.)

ಒಬ್ಬ ಸದಸ್ಯನಿಗೆ ಒಂದು ಮತ. ನಮ್ಮಲ್ಲಿ ಒಂದು ಹಸು ಕಟ್ಟಿದವರಿಗೂ ಹತ್ತು ಹಸು ಕಟ್ಟಿದವರಿಗೂ ಒಂದೇ ಮತ ಇರುವ ಹಾಗೆ. ನಾಯಕನ ಚುನಾವಣೆ ವರ್ಷಕ್ಕೊಮ್ಮೆ. ಮತಪತ್ರದ ಕೊನೆಗೆ "ಮೇಲಿನ ಯಾರೂ ಬೇಡ" ಅನ್ನುವ ಸಾಲೂ ಉಂಟು. ನಮ್ಮ ವಿಧಾನಸಭೆ ಚುನಾವಣೆಯಲ್ಲಿ ನೋಟಾಕ್ಕೆ ಎಷ್ಟು ಮತ ಬಿದ್ದರೂ ಅಭ್ಯರ್ಥಿ ಗೆದ್ದೇ ಗೆಲ್ಲುತ್ತಾನೆ. ಅಲ್ಲಿ ಹಾಗಲ್ಲ, ಆ ಸಾಲನ್ನು ಮೀರಿಸದವನು ನಾಯಕನಾಗಲಾರ. ಆದರೆ ಆ ನಾಯಕನಿಗೆ ಅಧಿಕಾರ ಎಷ್ಟು ಅಂದರೆ, ಬಹಳ ಕಡಿಮೆ. ಯಾರ ಮೇಲೂ ಕೆಲಸ ಹೊರಿಸುವ ಹಾಗಿಲ್ಲ ಅಂತ ಬೈಲಾದಲ್ಲೇ ಬರೆದಿದೆ. ಸಂಘದಿಂದ ಸಂಬಳ ಇಲ್ಲ, ಜವಾಬ್ದಾರಿ ಮಾತ್ರ ಇದೆ. 2019ರಲ್ಲಿ ನಾಮಪತ್ರಕ್ಕೆ ಕೊಟ್ಟ ಗಡುವು ಮುಗಿದರೂ ಒಬ್ಬರೂ ನಿಲ್ಲಲಿಲ್ಲ! ಗಡುವು ಮುಂದೆ ಹಾಕಿದ ಮೇಲೆ ಕೆಲವರು ಮನಸ್ಸು ಮಾಡಿದರು, ಸ್ಯಾಮ್ ಹಾರ್ಟ್‌ಮನ್ ಅನ್ನುವವರು ಗೆದ್ದರು. ನಮ್ಮಲ್ಲೂ ಒಂದು ಸಲ ನಿರ್ದೇಶಕರಾಗಿ ಅಂತ ಮನೆ ಮನೆಗೆ ಹೋಗಿ ಕೈ ಮುಗಿದದ್ದು ಹಿರಿಯರಿಗೆ ನೆನಪಿರಬಹುದು.

ಇದು ಪರದೇಶದವರ ಕೆಲಸ, ನಮಗೇನು ಅನ್ನಬೇಡಿ. 2023ರ ಸೆಪ್ಟೆಂಬರಿನಲ್ಲಿ ಇವರ ವಾರ್ಷಿಕ ಸಮ್ಮೇಳನ ನಮ್ಮ ಪಕ್ಕದ ಕೇರಳದ ಕೊಚ್ಚಿಯಲ್ಲೇ ನಡೆಯಿತು. ಕೇರಳದ ಶ್ರುತಿ ಚಂದ್ರನ್ ಅನ್ನುವ ಹೆಣ್ಣುಮಗಳು 2020ರಿಂದ ಈಚೆಗೆ ಹಲವು ಸಲ ನಾಯಕತ್ವಕ್ಕೆ ನಿಂತಿದ್ದರು. 2011ರಲ್ಲಿ ಬಂದ ಆರನೆಯ ಆವೃತ್ತಿಯಿಂದ ಡೆಬಿಯನ್ ಹಾಕುವಾಗಿನ ಚಿತ್ರದ ಪರದೆಗೆ ಕನ್ನಡವೂ ಬಂತು. ಅದರಲ್ಲಿರುವ ಕನ್ನಡ ಅಕ್ಷರದ ಫಾಂಟುಗಳಿಗೆ ಗುಬ್ಬಿ, ನವಿಲು ಅಂತ ಹೆಸರು. ನಮ್ಮ ಸಂಘದ ಸಭಾ ನೋಟೀಸು ಈಗ ಗುಬ್ಬಿಯಲ್ಲೇ ಅಚ್ಚಾಗುವುದು.

ಇನ್ನು ನಿಮಗೆ ಚೆನ್ನಾಗಿ ಗೊತ್ತಿರುವ ವಿಷಯಕ್ಕೆ ಬರುತ್ತೇನೆ: ಕಲಬೆರಕೆ. ಡೆಬಿಯನ್ನಿನಲ್ಲಿ ಮೂರು ಹಂತ ಇದೆ. ಹೊಸದಾಗಿ ಬಂದ ಪ್ರೋಗ್ರಾಂ ಮೊದಲು ಬೀಳುವುದು "ಸಿಡ್" ಅನ್ನುವ ಹಂತಕ್ಕೆ. ಟಾಯ್ ಸ್ಟೋರಿ ಅನ್ನುವ ಮಕ್ಕಳ ಸಿನಿಮಾದಲ್ಲಿ ಆಟಿಕೆ ಮುರಿದು ಹಾಕುವ ಪಕ್ಕದ ಮನೆ ಹುಡುಗನ ಹೆಸರು ಅದು. ಅಲ್ಲಿ ಕೆಲವು ದಿನ ದೊಡ್ಡ ದೋಷ ಕಾಣದಿದ್ದರೆ ಪರೀಕ್ಷೆಯ ಹಂತಕ್ಕೆ ಹೋಗುತ್ತದೆ. ಅಲ್ಲಿ ತಿಂಗಳುಗಟ್ಟಲೆ ತಿದ್ದಿ ತೀಡಿ, ಸುಮಾರು ಎರಡು ವರ್ಷಕ್ಕೊಮ್ಮೆ ಸ್ಥಿರ ಆವೃತ್ತಿ ಅಂತ ಬಿಡುಗಡೆ ಮಾಡುತ್ತಾರೆ. ನಮ್ಮ ಸಂಘದಲ್ಲಿರುವುದು ಈ ಮೂರನೆಯದು. ಹಾಲು ಬಂದ ಕೂಡಲೇ ಯಾರಾದರೂ ಕ್ಯಾನಿಗೆ ಸುರಿಯುತ್ತಾರಾ? ವಾಸನೆ ನೋಡಬೇಕು, ಲ್ಯಾಕ್ಟೋಮೀಟರ್ ಬಿಡಬೇಕು, ಫ್ಯಾಟು ನೋಡಬೇಕು.

2024ರ ಮಾರ್ಚಿನಲ್ಲಿ ಇದಕ್ಕೆ ನಿಜವಾದ ಪರೀಕ್ಷೆ ಬಂತು. ಎಕ್ಸ್‌ಝಡ್ ಅಂತ ಒಂದು ಸಣ್ಣ ಪ್ರೋಗ್ರಾಂ ಇದೆ, ದೊಡ್ಡ ಫೈಲನ್ನು ಹಿಂಡಿ ಚಿಕ್ಕದು ಮಾಡುವುದಷ್ಟೇ ಅದರ ಕೆಲಸ. ಪ್ರಪಂಚದ ಎಷ್ಟೋ ಕಂಪ್ಯೂಟರ್‌ಗಳಲ್ಲಿ ಅದಿದೆ. ಅದನ್ನು ವರ್ಷಗಟ್ಟಲೆ ನೋಡಿಕೊಳ್ಳುತ್ತಿದ್ದವನು ಫಿನ್ಲೆಂಡಿನ ಲಾಸ್ಸೆ ಕೊಲಿನ್ ಒಬ್ಬನೇ. ಪುಕ್ಕಟೆ ಕೆಲಸ, ಮೇಲಾಗಿ ಮನಸ್ಸಿನ ಆರೋಗ್ಯವೂ ಸರಿಯಿರಲಿಲ್ಲ, ಹಾಗಂತ ಅವನೇ ಬರೆದುಕೊಂಡಿದ್ದ. ಯಾರ್‍ಯಾರೋ ಹೆಸರಿನವರು ಬಂದು, "ನಿನ್ನ ಕೈಲಾಗದಿದ್ದರೆ ಬೇರೆಯವರಿಗೆ ಬಿಡು" ಅಂತ ಒತ್ತಾಯ ಮಾಡಿದರು. ಜಿಯಾ ಟಾನ್ ಅಂತ ಹೆಸರಿಟ್ಟುಕೊಂಡ ಇನ್ನೊಬ್ಬ 2021ರಿಂದ ಒಳ್ಳೆಯವನ ಹಾಗೆ ಸಣ್ಣಪುಟ್ಟ ಸಹಾಯ ಮಾಡುತ್ತಾ ಬಂದ. ಸುಸ್ತಾದವನಿಗೆ ಯಾರೋ ಕೈ ಹಾಕಿದರೆ ಸಾಕಾಗಿರುತ್ತದೆ. ಉಸ್ತುವಾರಿ ಅವನ ಕೈಗೂ ಹೋಯಿತು. 2024ರ ಫೆಬ್ರವರಿಯಲ್ಲಿ ಅವನು ಹೊಸ ಆವೃತ್ತಿಯೊಳಗೆ ಕಳ್ಳ ಬಾಗಿಲು ಇಟ್ಟು ಬಿಡುಗಡೆ ಮಾಡಿದ. ಆ ಬಾಗಿಲಿನಿಂದ ಹೊರಗಿನವನು ದೂರದಿಂದಲೇ ಕಂಪ್ಯೂಟರಿನೊಳಗೆ ನುಗ್ಗಬಹುದಿತ್ತು. ಅದು ಸಿಡ್‌ಗೂ ಬಂತು, ಪರೀಕ್ಷೆಯ ಹಂತಕ್ಕೂ ದಾಟಿತು.

ಹಿಡಿದವನು ಯಾರು? ಪೊಲೀಸರಲ್ಲ, ಸರ್ಕಾರವೂ ಅಲ್ಲ. ಆಂಡ್ರೆಸ್ ಫ್ರಾಯಿಂಡ್ ಅನ್ನುವ ಒಬ್ಬ ಎಂಜಿನಿಯರ್. ಮೈಕ್ರೋಸಾಫ್ಟಿನಲ್ಲೇ ಕೆಲಸ ಮಾಡುವವನು, ನೋಡಿ! ಸಿಡ್ ಹಾಕಿದ ಕಂಪ್ಯೂಟರಿನಲ್ಲಿ ಬೇರೆ ಏನೋ ಅಳತೆ ಮಾಡುತ್ತಿದ್ದ. ದೂರದಿಂದ ಲಾಗಿನ್ ಆಗಲು ಅರ್ಧ ಸೆಕೆಂಡ್ ಜಾಸ್ತಿ ಹಿಡಿಯಿತು. ಅರ್ಧ ಸೆಕೆಂಡು! ನಾವು ನೀವಾಗಿದ್ದರೆ ಕರೆಂಟಿನ ತಾಪತ್ರಯ ಅಂದುಕೊಂಡು ಸುಮ್ಮನಾಗುತ್ತಿದ್ದೆವು. ಅವನು ಬಿಡದೆ ಬೆನ್ನು ಹತ್ತಿ, ಮಾರ್ಚ್ 29ರಂದು ಎಲ್ಲರ ಮುಂದೆ ಇಟ್ಟ. ಕೂಡಲೇ ಆ ಆವೃತ್ತಿಯನ್ನು ತೆಗೆದು ಹಾಕಿದರು. ಸ್ಥಿರ ಆವೃತ್ತಿಗೆ ಅದು ತಲುಪಿರಲಿಲ್ಲ. ಹಾಲು ಕ್ಯಾನಿಗೆ ಬೀಳುವ ಮೊದಲೇ ಸಿಕ್ಕಿಬಿತ್ತು ಅನ್ನಿ. ಆದರೆ ನನ್ನನ್ನು ಕಾಡುವುದು ಸಿಕ್ಕಿಬಿದ್ದ ಕಳ್ಳನಲ್ಲ, ಅಷ್ಟು ವರ್ಷ ಒಬ್ಬನೇ ದುಡಿದ ಆ ಲಾಸ್ಸೆ. ಎಲ್ಲರೂ ಬಳಸಿದರು, ಹೇಗಿದ್ದೀಯಪ್ಪ ಅಂತ ಕೇಳಿದವರು ಎಷ್ಟು ಜನ?

ಈಗ ಕಣ್ಣಿಗೆ ಕಾಣುವ ಭಾಗದ ವಿಷಯ. ಕಂಪ್ಯೂಟರ್ ಹಾಕಿದ ಕೂಡಲೇ ಕಾಣುವ ಚಿತ್ರ, ಪಟ್ಟಿ, ಮೆನು, ಇದಕ್ಕೆಲ್ಲ ಡೆಸ್ಕ್‌ಟಾಪ್ ಅನ್ನುತ್ತಾರೆ. ಡೆಬಿಯನ್ನಿನಲ್ಲಿ ಇದು ಒಂದಲ್ಲ, ಹಲವು ಇವೆ, ಬೇಕಾದ್ದು ಹಾಕಿಕೊಳ್ಳಬಹುದು. ಇದರ ಜಗಳಗಳೂ ಬಹಳ. 1996ರಲ್ಲಿ ಜರ್ಮನಿಯಲ್ಲಿ ಕೆಡಿಇ ಶುರುವಾಯಿತು. ನೋಡಲು ಚೆಂದ, ಕೆಲಸವೂ ಚೆನ್ನ. ಆದರೆ ಅದರ ತಳಪಾಯಕ್ಕೆ ಬಳಸಿದ ಕ್ಯೂಟಿ ಅನ್ನುವ ಭಾಗ ನಾರ್ವೆಯ ಒಂದು ಕಂಪನಿಯದು. ಅದನ್ನು ತಿದ್ದಿ ಹಂಚುವ ಪೂರ್ತಿ ಹಕ್ಕು ಇರಲಿಲ್ಲ. ಡೆಬಿಯನ್ನಿನವರು 1998ರಲ್ಲಿ ಕೆಡಿಇಯನ್ನೇ ಹೊರಗಿಟ್ಟರು. ಚೆಂದ ಇದ್ದರೆ ಆಗಲಿಲ್ಲ, ಬೈಲಾಕ್ಕೆ ಒಗ್ಗಬೇಕು ಅಂದರು. ಇದೇ ಕಾರಣಕ್ಕೆ ಮೆಕ್ಸಿಕೋದ ಇಬ್ಬರು ಹುಡುಗರು 1997ರಲ್ಲೇ ಗ್ನೋಮ್ ಅನ್ನುವ ಇನ್ನೊಂದನ್ನು ಶುರು ಮಾಡಿದ್ದರು. 2000ನೇ ಇಸವಿಯಲ್ಲಿ ಆ ಕಂಪನಿ ಷರತ್ತು ಸಡಿಲಿಸಿತು, ಕೆಡಿಇ ವಾಪಸು ಬಂತು.

ಮುಂದೆ 2011ರಲ್ಲಿ ಗ್ನೋಮಿನವರು ಮೂರನೆಯ ಆವೃತ್ತಿ ಅಂತ ಮುಖವನ್ನೇ ಬದಲಾಯಿಸಿದರು. ನನ್ನ ಸ್ವಂತ ಕಂಪ್ಯೂಟರಿನಲ್ಲಿ ಅದು ಬಂದ ದಿನ ಕೆಳಗಿನ ಪಟ್ಟಿ ಹುಡುಕಿ ಹುಡುಕಿ ಸಾಕಾಯಿತು. ಲೈನಸ್ ಟೋರ್ವಾಲ್ಡ್ಸನೇ ಸಿಟ್ಟಾಗಿ ಎಕ್ಸ್‌ಎಫ್‌ಸಿಇ ಅನ್ನುವ ಹಗುರ ಡೆಸ್ಕ್‌ಟಾಪಿಗೆ ಹೋದ, ಆಮೇಲೆ ವಾಪಸೂ ಬಂದ. ಅರ್ಜೆಂಟೀನಾದ ಒಬ್ಬ ಬಳಕೆದಾರ ಹಳೆಯ ಗ್ನೋಮನ್ನೇ ಇಟ್ಟುಕೊಂಡು ಅದಕ್ಕೆ ಮಾಟೆ ಅಂತ ಹೆಸರಿಟ್ಟು ಮುಂದುವರಿಸಿದ. ಅದು ಅವರ ಕಡೆಯ ಕಷಾಯದಂಥ ಒಂದು ಪಾನೀಯದ ಹೆಸರು. ಡೆಬಿಯನ್ನಿನವರೂ 2013ರಲ್ಲಿ ತಾವಾಗಿ ಹಾಕಿಕೊಡುವ ಡೆಸ್ಕ್‌ಟಾಪ್ ಎಕ್ಸ್‌ಎಫ್‌ಸಿಇ ಅಂತ ಬದಲಾಯಿಸಿ, 2014ರಲ್ಲಿ ಮತ್ತೆ ಗ್ನೋಮಿಗೇ ಬಂದರು. ಕೊಟ್ಟ ಕಾರಣಗಳಲ್ಲಿ ಒಂದು, ಕಣ್ಣು ಕಾಣದವರಿಗೆ ಪರದೆ ಓದಿ ಹೇಳುವ ಸೌಕರ್ಯ ಗ್ನೋಮಿನಲ್ಲಿ ಚೆನ್ನಾಗಿದೆ ಅನ್ನುವುದು. ಅಂದಹಾಗೆ, ನಮ್ಮ ಸಂಘದ್ದು ಹಳೆಯ ಯಂತ್ರ, ಅದಕ್ಕೆ ಭಾರ ಆಗಬಾರದು ಅಂತ ನಾನು ಎಕ್ಸ್‌ಎಫ್‌ಸಿಇ ಹಾಕಿದ್ದೆ.

ಈಗ ನನ್ನ ತಪ್ಪಿನ ವಿಷಯ. ಹೇಳದೆ ಇಳಿದರೆ ಸರಿಯಾಗುವುದಿಲ್ಲ.

2025ರ ಆಗಸ್ಟ್ 9ರಂದು ಡೆಬಿಯನ್ ಹದಿಮೂರನೆಯ ಆವೃತ್ತಿ ಬಂತು, ಸುಮಾರು 69,800 ಪ್ಯಾಕೇಜುಗಳ ಜೊತೆಗೆ. ಗೌರಿ ಹಬ್ಬಕ್ಕೆ ಊರಿಗೆ ಬಂದವನು ಸಂಘದ ಕಂಪ್ಯೂಟರಿಗೂ ಅದನ್ನು ಹಾಕಿಬಿಡೋಣ ಅಂತ ಕೂತೆ. ಕಾರ್ಯದರ್ಶಿಗಳು ಕಾಫಿ ತರಿಸಿದ್ದರು. ಅದು ಬರುವವರೆಗೆ ಬಿಡುಗಡೆಯ ಟಿಪ್ಪಣಿ ಓದೋಣ ಅಂತ ತೆರೆದರೆ ಅಲ್ಲಿ ಸ್ಪಷ್ಟವಾಗಿ ಬರೆದಿದೆ: 32 ಬಿಟ್‌ನ ಹಳೆಯ ಯಂತ್ರಗಳಿಗೆ ಇನ್ನು ಮುಂದೆ ಎಂಜಿನ್ನೂ ಇಲ್ಲ, ಹೊಸದಾಗಿ ಹಾಕುವ ವ್ಯವಸ್ಥೆಯೂ ಇಲ್ಲ, ಅಂಥವರು ಈ ಆವೃತ್ತಿಗೆ ಬರಬೇಡಿ ಅಂತ. ನಮ್ಮದು 32 ಬಿಟ್ಟೇ! ಕಾಫಿ ಬೇಗ ಬಂದಿದ್ದರೆ ನಾನು ಓದುತ್ತಿರಲಿಲ್ಲ. ಬಟವಾಡೆಯ ಹಿಂದಿನ ದಿನ ಷೇರು ರಿಜಿಸ್ಟರನ್ನೂ ನಡವಳಿಯನ್ನೂ ಅಪಾಯಕ್ಕೆ ಒಡ್ಡುತ್ತಿದ್ದೆ.

ಮೊದಲು ಸಿಟ್ಟು ಬಂತು. ಕಂಪನಿಯವರು ಕೈ ಬಿಟ್ಟರು ಅಂತ ಇಲ್ಲಿಗೆ ಬಂದರೆ ಇವರೂ ಕೈ ಬಿಟ್ಟರಲ್ಲ ಅನಿಸಿತು. ಆಮೇಲೆ ಹುಡುಕಿ ನೋಡಿದೆ. 2023ರ ಡಿಸೆಂಬರಿನಲ್ಲೇ ಬಹಿರಂಗವಾಗಿ ತಿಳಿಸಿದ್ದರು. ಆ ಹಳೆಯ ಯಂತ್ರಗಳ ಕೆಲಸ ನೋಡಿಕೊಳ್ಳುವ ಕೈಗಳು ಕಡಿಮೆಯಾಗಿದ್ದವು. ನೋಟೀಸು ಬೋರ್ಡಿಗೆ ಹಾಕಿದ್ದರು, ಓದದೆ ಹೋದವನು ನಾನು. ಹದಿನೆಂಟು ತಿಂಗಳಿಗೂ ಹೆಚ್ಚು ಕಾಲ ಅದು ಅಲ್ಲೇ ಇತ್ತು. ಸರ್ವ ಸದಸ್ಯರ ಸಭೆಗೆ ಬಾರದೆ, ಆಮೇಲೆ ಅರಳಿಕಟ್ಟೆಯಲ್ಲಿ ಕೂತು "ನಮ್ಮನ್ನ ಕೇಳಿದ್ರಾ?" ಅನ್ನುವವರ ಹಾಗಾಯಿತು ನನ್ನ ಸ್ಥಿತಿ. ನಾನು ಆ ಸಂಘದ ಸದಸ್ಯನಲ್ಲ, ಬರೀ ಬಳಸುವವನು, ನಿಜ. ಆದರೂ ಹನ್ನೊಂದು ವರ್ಷ ಬಳಸಿ ಒಂದು ದೋಷವನ್ನೂ ಬರೆದು ತಿಳಿಸಿರಲಿಲ್ಲ, ಕನ್ನಡದ ಒಂದು ಸಾಲನ್ನೂ ತಿದ್ದಿರಲಿಲ್ಲ. ಕಳೆದ ವರ್ಷದಿಂದ ಅವರ ಪ್ರಕಟಣೆಗಳನ್ನು ಭಾನುವಾರ ಸಂಜೆ ಕೂತು ಓದುತ್ತಿದ್ದೇನೆ. ನಮ್ಮೂರಿನ ಡಿಪ್ಲೊಮಾ ಓದುವ ಇಬ್ಬರು ಮಕ್ಕಳು ಕನ್ನಡ ಅನುವಾದಕ್ಕೆ ಕೈ ಹಾಕುತ್ತೇವೆ ಅಂದಿದ್ದಾರೆ, ನೋಡೋಣ.

ಆಡಳಿತ ಮಂಡಳಿಯವರಲ್ಲಿ ಒಂದು ಅರಿಕೆ. ಆ ಕಂಪ್ಯೂಟರಿನಲ್ಲಿ ಈಗ ಇರುವುದು ಹನ್ನೆರಡನೆಯ ಆವೃತ್ತಿ. ಅದರ ಭದ್ರತೆಯ ತಿದ್ದುಪಡಿಗಳು 2028ರ ಜೂನ್ 30ಕ್ಕೆ ಮುಗಿಯುತ್ತವೆ. ಅಷ್ಟರೊಳಗೆ 64 ಬಿಟ್‌ನ ಒಂದು ಯಂತ್ರ ಬೇಕು. ಹೊಸದೇ ಆಗಬೇಕಿಲ್ಲ, ಆಫೀಸುಗಳಲ್ಲಿ ಬಳಸಿ ಬಿಟ್ಟದ್ದು ಸಿಕ್ಕರೂ ನಡೆಯುತ್ತದೆ. ಮುಂದಿನ ಸಭೆಯಲ್ಲಿ ಒಂದು ಠರಾವು ಮಾಡಿದರೆ ನಾನು ಯಾವುದಾದರೂ ಭಾನುವಾರ ಬಂದು ಹಾಕಿಕೊಡುತ್ತೇನೆ. ಲೆಕ್ಕದ ಫೈಲುಗಳು ಹಾಗೆಯೇ ಹೊಸದಕ್ಕೆ ಬರುತ್ತವೆ, ಈ ಸಲ ಮತ್ತೆ ಹೊಡೆಯುವ ಕೆಲಸ ಇಲ್ಲ. ಹಳೆಯದನ್ನು ಗುಜರಿಯವನಿಗೆ ಕೊಡುವ ಮೊದಲು ಮಾತ್ರ ದಯವಿಟ್ಟು ನನಗೊಂದು ಫೋನು ಮಾಡಿ. ಅದರ ಡಿಸ್ಕಿನಲ್ಲಿ ನಿಮ್ಮೆಲ್ಲರ ಬ್ಯಾಂಕ್ ಖಾತೆ ನಂಬರ್ ಇದೆ.

ಸಂಜೆ ಹಾಲಿನ ಹೊತ್ತಾಗುವ ಮೊದಲು ಊಟ ಮುಗಿಸಿ ಅಂತ ಅಧ್ಯಕ್ಷರು ಸನ್ನೆ ಮಾಡುತ್ತಿದ್ದಾರೆ.