ಸಾಯದೆ ಉಳಿದ ಕೀಟದ ಲೆಕ್ಕ

(ಕಲ್ಯಾಣಪುರದಲ್ಲಿ ನೀಡಿದ ದತ್ತಿ ಉಪನ್ಯಾಸ)



ಯಾರ ಹೆಸರಿನಲ್ಲಿ ಈ ದತ್ತಿ ಇದೆಯೋ ಆ ಮಾಸ್ತರರು ಪಾಠಕ್ಕಿಂತ ಪ್ರಶ್ನೆಗೆ ಹೆಚ್ಚು ಅಂಕ ಕೊಡುತ್ತಿದ್ದರೆಂದು ಅವರ ಶಿಷ್ಯರಿಂದ ಕೇಳಿದ್ದೇನೆ. ಆ ಧೈರ್ಯದಿಂದಲೇ ಇಂದು ಒಂದು ತಕರಾರನ್ನು ನಿಮ್ಮ ಮುಂದಿಡುತ್ತೇನೆ.

ಎಲ್‌ಡಿ 50 ಎಂದರೇನು, ಸಮಗ್ರ ಪೀಡೆ ನಿರ್ವಹಣೆ ಹೇಗೆ ಎಂಬುದೆಲ್ಲ ಪಠ್ಯಪುಸ್ತಕದಲ್ಲಿದೆ. ಕೊಲ್ಲದ ಪ್ರಮಾಣದ ವಿಷವೂ ಉಪಕಾರಿ ಕೀಟಗಳ ಆಯುಸ್ಸು, ಸಂತಾನ, ದಾರಿ ಹುಡುಕುವ ಶಕ್ತಿಯನ್ನು ಕೆಡಿಸಬಲ್ಲದು ಎಂಬುದು 2007ರಲ್ಲಿ ಡೆನ್ಯೂ, ಡೆಕೂರ್ತಿ, ಡೆಲ್ಪ್ಯೂಶ್ ಎಂಬ ಫ್ರೆಂಚ್ ವಿಜ್ಞಾನಿಗಳು ಬರೆದ ಸಮೀಕ್ಷೆಯಲ್ಲಿ ವಿವರವಾಗಿದೆ. ಅದನ್ನು ಇಲ್ಲಿ ಮತ್ತೆ ಹೇಳುವುದಿಲ್ಲ. ನನ್ನ ತಕರಾರು ನಮ್ಮ ಗೇರುಗುಡ್ಡೆಗಳದ್ದು.

ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆಯ ಕಡೆಗೂ ಕಾಸರಗೋಡಿನ ಗುಡ್ಡಗಳಿಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು ಗೇರನ್ನು ಕಾಡುವ ಟೀ ಸೊಳ್ಳೆ ಎಂಬ ಕೀಟವನ್ನು ತಡೆಯಲು. ಜನರ ಮೇಲೆ ಬಂದ ಸಂಕಟ ಎಲ್ಲಕ್ಕಿಂತ ದೊಡ್ಡದು. ಅದನ್ನು ಬಲ್ಲವರು ಈ ಸಭೆಯಲ್ಲೇ ಇದ್ದಾರೆ. 2011ರ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಎಂಡೋಸಲ್ಫಾನ್ ಸೇರಿತು, ಮೇ 13ರಂದು ಸುಪ್ರೀಂ ಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಆಗ ಅದರ ಪರ ವಾದಿಸಿದವರ ಬಾಯಲ್ಲಿ ಒಂದು ಮಾತು ಮತ್ತೆ ಮತ್ತೆ ಬಂತು: ಬೇರೆ ಏನೇ ಇರಲಿ, ಜೇನಿಗೆ ಇದು ಸೌಮ್ಯ, ಇದನ್ನು ನಿಲ್ಲಿಸಿದರೆ ಪರಾಗಸ್ಪರ್ಶಕ್ಕೇ ಪೆಟ್ಟು.

ಸತ್ತ ಜೇನನ್ನಷ್ಟೇ ಎಣಿಸಿದರೆ ಈ ವಾದ ಪೂರ್ತಿ ಸುಳ್ಳಲ್ಲ. ಅದರ ಬಲವೂ ದೋಷವೂ ಅಲ್ಲೇ ಇದೆ. 2005ರಲ್ಲಿ ಡೆಕೂರ್ತಿ ಮತ್ತು ಸಂಗಡಿಗರು ಜೇನ್ನೊಣಗಳಿಗೆ ಒಂಬತ್ತು ಕೀಟನಾಶಕ, ಶಿಲೀಂಧ್ರನಾಶಕಗಳನ್ನು ಕೊಲ್ಲದ ಪ್ರಮಾಣದಲ್ಲಿ 11 ದಿನ ಉಣಿಸಿ ಬದುಕುಳಿದವನ್ನು ಪರೀಕ್ಷಿಸಿದರು. ಪರೀಕ್ಷೆ ಸರಳ: ಒಂದು ವಾಸನೆ ತೋರಿಸಿ, ಕೂಡಲೇ ಸಕ್ಕರೆ ನೀರು ಮುಟ್ಟಿಸಬೇಕು. ಆರೋಗ್ಯವಂತ ಜೇನು ಕೆಲವೇ ಸಲಕ್ಕೆ ಪಾಠ ಕಲಿತು, ಮುಂದೆ ಬರೀ ವಾಸನೆಗೇ ನಾಲಿಗೆ ಚಾಚುತ್ತದೆ. ಎಂಡೋಸಲ್ಫಾನ್ ಉಂಡು ಉಳಿದ ಜೇನುಗಳ ಕಲಿಕೆ ಕುಗ್ಗಿತ್ತು. ನೇರವಾಗಿ ಕೊಲ್ಲುವುದರಲ್ಲಿ ಕುಖ್ಯಾತವಾದ ಡೈಮಿಥೋಯೇಟ್ ಕೊಟ್ಟಾಗ ಅಂಥ ಕುಗ್ಗುವಿಕೆ ಕಾಣಲಿಲ್ಲ. ಪ್ರಶ್ನೆ ಬದಲಾದೊಡನೆ ‘ಸೌಮ್ಯ’ ಮತ್ತು ‘ಘೋರ’ ಜಾಗ ಬದಲಿಸಿಕೊಂಡವು.

ಮದ್ದು ಹೊಡೆಯುತ್ತಿದ್ದದ್ದಾದರೂ ಯಾವಾಗ? ಚಿಗುರು, ಹೂ, ಎಳೆಬೀಜದ ಹಂತಗಳಲ್ಲಿ. ಹೂವಿನ ವಾಸನೆ ಕಲಿತು ಮನೆಮಂದಿಗೆ ಸುದ್ದಿ ಒಯ್ಯಬೇಕಾದ ಹೊತ್ತಿಗೇ ಕಲಿಯುವ ಶಕ್ತಿ ಕೆಟ್ಟರೆ ಆ ನೊಣ ಪೆಟ್ಟಿಗೆಯಲ್ಲಿದ್ದರೂ ಗೇರಿಗೆ ಏನು ಪ್ರಯೋಜನ?

ನನ್ನ ಪಕ್ಷದವರೆನಿಸಿಕೊಂಡವರಿಗೂ ಒಂದು ಮಾತು. ನಮ್ಮ ನಾಡಿನ ಜೇನಾದ ತುಡುವೆ ನಾಶವಾದದ್ದೆಲ್ಲ ಎಂಡೋಸಲ್ಫಾನಿನಿಂದಲೇ ಎನ್ನುವವರಿದ್ದಾರೆ. 1990ರ ದಶಕದ ಆರಂಭದಲ್ಲಿ ದಕ್ಷಿಣ ಭಾರತದ ತುಡುವೆ ಪೆಟ್ಟಿಗೆಗಳನ್ನು ಬರಿದು ಮಾಡಿದ್ದು ಥಾಯ್ ಸ್ಯಾಕ್‌ಬ್ರೂಡ್ ವೈರಸ್. ಅದನ್ನು ಮುಚ್ಚಿಟ್ಟರೆ ಎದುರಾಳಿಯ ಕೈಗೆ ನಾವೇ ಕೋಲು ಕೊಟ್ಟಂತೆ.

ಟೀ ಸೊಳ್ಳೆಯ ಶತ್ರುವಿನ ಕತೆ ಇನ್ನೂ ಸೂಕ್ಷ್ಮ. ಸೊಳ್ಳೆ ಮೊಟ್ಟೆಯನ್ನು ಎಳೆ ಚಿಗುರಿನ ಒಳಗೆ ಊರುತ್ತದೆ. ಮಸೂರ ಹಿಡಿದರೆ ಹೊರಗೆ ಎರಡು ಕೂದಲೆಳೆಗಳಷ್ಟೇ ಕಂಡಾವು, ಒಂದು ಉದ್ದ, ಇನ್ನೊಂದು ಗಿಡ್ಡ. ಅಂಥ ಮೊಟ್ಟೆಯನ್ನು ಹುಡುಕಿ ಅದರೊಳಗೆ ತನ್ನ ಮೊಟ್ಟೆ ಇಡುವುದು ಟೆಲಿನೋಮಸ್ ಎಂಬ ಕಣಜ. ಇದರ ಬಂಧುಗಳಲ್ಲಿ ಕೂಡದ ಹೆಣ್ಣೂ ಮೊಟ್ಟೆ ಇಟ್ಟೀತು, ಆದರೆ ಹುಟ್ಟುವುದೆಲ್ಲ ಗಂಡು. ಅಂಥ ಒಂದು ಬಂಧುವಾದ ಟ್ರೈಕೋಗ್ರಾಮಾ ಕಣಜದಲ್ಲಿ ಡೆಲ್ಪ್ಯೂಶ್ ಕಂಡದ್ದೇನೆಂದರೆ, ಕ್ಲೋರ್‌ಪೈರಿಫಾಸ್ ತಾಗಿ ಬದುಕುಳಿದ ಕಣಜಗಳ ಗಂಡು ಹೆಣ್ಣಿನ ವಾಸನಾ ಸಂದೇಶ ಕೆಡುತ್ತದೆ, ಸಂತಾನದಲ್ಲಿ ಹೆಣ್ಣಿನ ಪಾಲು ಇಳಿಯುತ್ತದೆ. ಮೊಟ್ಟೆ ಹುಡುಕುವುದು ಹೆಣ್ಣು ಮಾತ್ರ. ಒಂದೂ ಕಣಜ ಸಾಯದಿದ್ದರೂ ಮುಂದಿನ ತಲೆಮಾರಿನ ಕಾವಲು ಸಡಿಲವಾಗುತ್ತದೆ.

ಇದೆಲ್ಲ ಪ್ರಯೋಗಶಾಲೆಯ ಮಾತು, ತೋಟದಲ್ಲಿ ಮಳೆ ಬಿಸಿಲಿಗೆ ವಿಷ ಕರಗುತ್ತದೆ ಎಂಬ ಆಕ್ಷೇಪ ಕೇಳಿಬರುತ್ತದೆ. ಸರಿಯೇ. ಆದರೆ ವಿಷ ಕರಗುತ್ತ ಬಂದಾಗ ಏನಾಗುತ್ತದೆ? ಕೊಲ್ಲುವ ಪ್ರಮಾಣ ಇಳಿದು ಕೊಲ್ಲದ ಪ್ರಮಾಣಕ್ಕೆ ಬರುತ್ತದೆ, ಹಲವು ದಿನ ಅಲ್ಲೇ ನಿಲ್ಲುತ್ತದೆ. ಅವರ ಆಕ್ಷೇಪವೇ ನನ್ನ ಸಾಕ್ಷಿ.

ಎಂಡೋಸಲ್ಫಾನಿನ ಜಾಗಕ್ಕೆ ಬಂದವುಗಳಲ್ಲಿ ಲ್ಯಾಂಬ್ಡಾ ಸೈಹಾಲೋತ್ರಿನ್ ಮುಖ್ಯ. 2005ರ ಆ ಪರೀಕ್ಷೆಯಲ್ಲಿ ಅದು ಕಲಿಕೆ ಕೆಡಿಸಲಿಲ್ಲ. ಆದರೆ ನೇರವಾಗಿ ಜೇನನ್ನು ಕೊಲ್ಲುವುದರಲ್ಲಿ ಎಂಡೋಸಲ್ಫಾನಿಗಿಂತ ಹತ್ತಾರು ಪಟ್ಟು ತೀಕ್ಷ್ಣ. ಒಂದೇ ಅಳತೆಗೋಲು ಹಿಡಿದು ಮದ್ದು ಆರಿಸಿದರೆ ಒಂದು ತಪ್ಪಿನಿಂದ ಇನ್ನೊಂದಕ್ಕೆ ಜಿಗಿಯುತ್ತೇವೆ ಅಷ್ಟೆ. ಅದೂ ಅಲ್ಲದೆ ಈ ಪರೀಕ್ಷೆ ನಡೆದದ್ದು ಯುರೋಪಿನ ಜೇನಿನ ಮೇಲೆ, ನಮ್ಮ ತುಡುವೆಯ ಮೇಲಲ್ಲ.

ಆದ್ದರಿಂದ ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯಕ್ಕೂ ಬ್ರಹ್ಮಾವರದ ಸಂಶೋಧನಾ ಕೇಂದ್ರಕ್ಕೂ ನನ್ನ ವಿನಂತಿ ಇಷ್ಟೆ: ಶಿಫಾರಸಿನ ಪಟ್ಟಿಯಲ್ಲಿ ಮದ್ದಿನ ಹೆಸರು, ಪ್ರಮಾಣಗಳ ಪಕ್ಕ ಇನ್ನೆರಡು ಕಲಂ ಸೇರಲಿ. ತುಡುವೆ ಎಷ್ಟು ಸತ್ತಿತು ಎಂದು ಒಂದರಲ್ಲಿ, ಉಳಿದದ್ದು ಕೆಲಸಕ್ಕೆ ಬಂತೇ ಎಂದು ಇನ್ನೊಂದರಲ್ಲಿ. ಎರಡನೆಯದು ಖಾಲಿ ಇರುವ ತನಕ ‘ಉಪಕಾರಿ ಕೀಟಗಳಿಗೆ ಸುರಕ್ಷಿತ’ ಎಂದು ಯಾವ ಡಬ್ಬಿಯ ಮೇಲೂ ಬರೆಯುವ ಹಕ್ಕು ಯಾರಿಗೂ ಇಲ್ಲ. ಮಾಸ್ತರರು ಇದ್ದಿದ್ದರೆ ಈ ಪ್ರಶ್ನೆಗೆ ಎಷ್ಟು ಅಂಕ ಕೊಡುತ್ತಿದ್ದರೋ ಅವರ ಶಿಷ್ಯರೇ ಹೇಳಲಿ.