ಗಾಯ ಕಾಣದಿದ್ದರೂ ನೋವು ಸುಳ್ಳಲ್ಲ

(ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಮಹಿಳಾ ಕಾರ್ಯಕರ್ತೆಯರ ಸಭೆಯಲ್ಲಿ ಆಡಿದ ಮಾತುಗಳು)



ಇವತ್ತು ನಾನು ಬದುಕಿ ಉಳಿದವರ ಬಗ್ಗೆ ಮಾತಾಡಲು ಬಂದಿದ್ದೇನೆ. 1990ರ ದಶಕದಲ್ಲಿ ಬೆಂಗಳೂರಿನ ವಿಮೋಚನಾ ಸಂಘಟನೆಯವರು ಮದುವೆಯಾದ ಹೆಣ್ಣುಮಕ್ಕಳ ‘ಸ್ಟೌವ್ ಸಿಡಿದ’ ಸಾವುಗಳ ಜಾಡು ಹಿಡಿದು ಹೊರಟರು. ಅಡಿಗೆಮನೆಯ ಅಪಘಾತವೆಂದು ಬರೆದು ಮುಚ್ಚಿದ ಕಡತಗಳನ್ನು ಪ್ರಶ್ನಿಸಿದರು. ಸತ್ತವರ ಲೆಕ್ಕ ಕೇಳುವುದನ್ನು ಚಳವಳಿ ಹಾಗೆ ಕಲಿಯಿತು. ಆದರೆ ಸಾಯದೆ ತವರಿಗೆ ಬಂದು ಬಿದ್ದವಳ ಲೆಕ್ಕ ಇಟ್ಟವರು ಯಾರು?

ಅವಳನ್ನು ನೀವೆಲ್ಲ ನೋಡಿದ್ದೀರಿ. ಗಂಡನ ಮನೆ ಬಿಟ್ಟು ಎರಡು ವರ್ಷವಾಗಿದೆ. ಕಡಲೇಕಾಯಿ ಬಿಡಿಸುತ್ತ ಕೂತವಳು ಬೀದಿಯಲ್ಲಿ ಬೈಕಿನ ಸದ್ದು ಕೇಳಿದರೆ ಬೆವರುತ್ತಾಳೆ. ಸೀಮೆಎಣ್ಣೆ ವಾಸನೆಗೆ ಉಸಿರು ಕಟ್ಟುತ್ತದೆ. ರಾತ್ರಿ ಚೀರಿ ಏಳುತ್ತಾಳೆ. ಮನೆಯವರು ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸುತ್ತಾರೆ. ಗಂಡನ ಕಡೆಯವರಿಗೆ ಅಷ್ಟೇ ಸಾಕು. ‘ಮೊದಲೇ ಹುಚ್ಚಿ, ಮುಚ್ಚಿಟ್ಟು ಮದುವೆ ಮಾಡಿದರು’ ಎಂದು ಕೋರ್ಟಿನಲ್ಲಿ ಹೇಳಿಸುತ್ತಾರೆ.

ಇದು ಗಾಳಿಯಲ್ಲ, ಹುಚ್ಚೂ ಅಲ್ಲ. ಹೊಡೆತ ಮನಸ್ಸಿನಲ್ಲಿ ಬಿಟ್ಟುಹೋದ ಗಾಯ. ಬೇರೆ ನೆನಪುಗಳು ಕಾಲ ಕಳೆದಂತೆ ಹಳೆಯದಾಗುತ್ತವೆ. ಆಘಾತದ ನೆನಪು ಮಾತ್ರ ಹಳೆಯದಾಗದೆ, ಈಗಲೇ ನಡೆಯುತ್ತಿದೆ ಎಂಬಂತೆ ಮೈಯನ್ನೆಲ್ಲ ಹಿಡಿದುಕೊಳ್ಳುತ್ತದೆ.

ಇದಕ್ಕಿರುವ ಚಿಕಿತ್ಸೆಗಳಲ್ಲಿ ಒಂದು ಕಣ್ಣುಗಳ ಚಲನೆಯ ಚಿಕಿತ್ಸೆ. ಇ.ಎಂ.ಡಿ.ಆರ್. ಎನ್ನುತ್ತಾರೆ. ಇದು ಕಣ್ಣಾಸ್ಪತ್ರೆಯ ವಿಷಯವಲ್ಲ, ಮನಸ್ಸಿನದು. ಅಮೆರಿಕದ ಫ್ರಾನ್ಸೀನ್ ಶಾಪಿರೊ ಎಂಬ ಮನಶ್ಶಾಸ್ತ್ರಜ್ಞೆ 1987ರಲ್ಲಿ ಇದನ್ನು ರೂಪಿಸತೊಡಗಿ, 1989ರಲ್ಲಿ ತಮ್ಮ ಅಧ್ಯಯನ ಪ್ರಕಟಿಸಿದರು. 2001ರ ಗುಜರಾತ್ ಭೂಕಂಪದ ನಂತರ ಅಲ್ಲಿನ ಸಂತ್ರಸ್ತರಿಗೂ ಇದನ್ನು ಬಳಸಿದರು. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಘಾತದ ನಂತರದ ಇಂಥ ಕಾಯಿಲೆಗೆ ಶಿಫಾರಸು ಮಾಡಿದ ಚಿಕಿತ್ಸೆಗಳಲ್ಲಿ ಇದೂ ಸೇರಿತು.

ಇದರಲ್ಲಿ ಒಟ್ಟು 8 ಹಂತಗಳಿವೆ. ಮೊದಲ ದಿನವೇ ಗಾಯ ಕೆದಕುವುದಿಲ್ಲ. ಅವಳ ಕಥೆ ಕೇಳಿ, ಭಯ ಉಕ್ಕಿದಾಗ ತನ್ನನ್ನು ತಾನು ಶಾಂತಗೊಳಿಸಿಕೊಳ್ಳುವುದನ್ನು ಕಲಿಸುತ್ತಾರೆ. ಆಮೇಲೆ ಅವಳು ಒಂದು ಘಟನೆಯನ್ನೂ, ಅದರ ಜೊತೆ ಅಂಟಿಕೊಂಡ ‘ನನ್ನದೇ ತಪ್ಪು’ ಎಂಬಂಥ ಮಾತನ್ನೂ ಮನಸ್ಸಿಗೆ ತಂದುಕೊಂಡು, ಎಡಕ್ಕೂ ಬಲಕ್ಕೂ ಆಡುವ ಚಿಕಿತ್ಸಕಿಯ ಬೆರಳನ್ನು ಕಣ್ಣಿನಿಂದ ಹಿಂಬಾಲಿಸುತ್ತಾಳೆ. ಸ್ವಲ್ಪ ಹೊತ್ತು ನಡೆಸಿ ನಿಲ್ಲಿಸಿ, ಏನು ತೋರಿತು ಎಂದು ಕೇಳಿ, ಮತ್ತೆ ಮುಂದುವರಿಸುತ್ತಾರೆ. ನಡೆದದ್ದನ್ನೆಲ್ಲ ಎಳೆಎಳೆಯಾಗಿ ಬಾಯಿಬಿಟ್ಟು ಹೇಳಲೇಬೇಕೆಂದಿಲ್ಲ. ಹೇಳಲು ನಾಚುವ ನಮ್ಮ ಹೆಣ್ಣುಮಕ್ಕಳಿಗೆ ಇದು ಸಣ್ಣ ಮಾತಲ್ಲ.

ಕಣ್ಣಾಡಿಸುವುದರಿಂದಲೇ ಗುಣವೋ, ನೆನಪನ್ನು ಧೈರ್ಯವಾಗಿ ಎದುರಿಸುವುದರಿಂದಲೋ ಎಂಬ ಬಗ್ಗೆ ತಜ್ಞರಲ್ಲಿ ಇನ್ನೂ ವಾದವಿದೆ. ಅದನ್ನೂ ಹೇಳಿಯೇ ಹೆಣ್ಣುಮಕ್ಕಳನ್ನು ಕಳಿಸಬೇಕು. ಪವಾಡವೆಂದು ನಂಬಿಸಬಾರದು.

‘ನೆನಪು ಅಳಿಸಿಹೋದರೆ ಕೋರ್ಟಿನಲ್ಲಿ ಏನು ಹೇಳಲಿ?’ ಎಂಬ ಭಯ ಹುಟ್ಟುವುದು ಸಹಜ. ಇದರ ಗುರಿ ಮರೆಸುವುದಲ್ಲ. ನಡೆದದ್ದು ನೆನಪಿರುತ್ತದೆ, ಅದು ಕೊಡುವ ನಡುಕ ಕಡಿಮೆಯಾಗಬೇಕು, ಅಷ್ಟೆ. ಆದರೂ ದೂರು, ಗಾಯದ ವೈದ್ಯಕೀಯ ದಾಖಲೆ ಮೊದಲೇ ಆಗಿರಲಿ. ಕೇಸು ನಡೆಯುತ್ತಿದ್ದರೆ ವಕೀಲರಿಗೂ ಚಿಕಿತ್ಸಕರಿಗೂ ತಿಳಿಸಿರಲಿ.

ಒಂದು ಎಚ್ಚರಿಕೆ. ಇವತ್ತೂ ಹೊಡೆಯುತ್ತಿರುವವನ ಮನೆಯಲ್ಲಿ ಇರುವವಳಿಗೆ ಮೊದಲು ಬೇಕಾದದ್ದು ಸುರಕ್ಷಿತ ಜಾಗ. ಅಲ್ಲಿ ಅವಳ ಭಯ ಕಾಯಿಲೆಯಲ್ಲ, ವಿವೇಕ. ಚಿಕಿತ್ಸೆ ಕೊಡಿಸಿ ‘ಈಗ ಸರಿಹೋದಳು’ ಎಂದು ಅದೇ ಮನೆಗೆ ವಾಪಸು ತಳ್ಳುವುದಾದರೆ ಅದು ಪಂಚಾಯ್ತಿ ರಾಜಿಯ ಇನ್ನೊಂದು ಹೆಸರು. ಹೊಡೆದವನು ಹಾಗೇ ಇರಲು, ಹೊಡೆತ ತಿಂದವಳನ್ನು ರಿಪೇರಿ ಮಾಡುವ ಕೆಲಸಕ್ಕೆ ನಾವು ಕೈಹಾಕಬಾರದು.

ಕಾನೂನು ಈ ಗಾಯವನ್ನು ಒಪ್ಪಿದೆ. 1983ರಲ್ಲಿ ಬಂದ 498ಎ ಕಲಮೇ ಮಾನಸಿಕ ಆರೋಗ್ಯಕ್ಕೆ ಮಾಡುವ ಹಾನಿಯನ್ನು ಕ್ರೌರ್ಯ ಎಂದಿತ್ತು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 85, 86ನೇ ಕಲಮುಗಳಲ್ಲಿದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ 22ನೇ ಕಲಮಿನಡಿ ಮಾನಸಿಕ ಹಿಂಸೆಗೂ ಪರಿಹಾರ ಕೇಳಬಹುದು. ಹಾಗಾಗಿ ವೈದ್ಯರ ಚೀಟಿ ನಾಚಿಕೆಯ ಕಾಗದವಲ್ಲ, ಸಾಕ್ಷಿ. ‘ಹುಚ್ಚಿ’ ಎಂದವರಿಗೆ ‘ಈ ಗಾಯ ಮಾಡಿದವರು ಯಾರು?’ ಎಂದು ಕೇಳಲು ಅದೇ ಆಧಾರ.

ತರಬೇತಿ ಪಡೆದ ಚಿಕಿತ್ಸಕರೇ ಮಾಡಬೇಕಾದ ಕೆಲಸವಿದು. ಸಭೆಯಲ್ಲಿ ಕೇಳಿದೆವೆಂದು ನಾವ್ಯಾರೂ ಬೆರಳಾಡಿಸಲು ಹೋಗಬಾರದು. ಪಾವಗಡದಿಂದ ತುಮಕೂರೇ ಸುಮಾರು 100 ಕಿಲೋಮೀಟರು, ಬೆಂಗಳೂರಿನ ನಿಮ್ಹಾನ್ಸ್ ಇನ್ನೂ ದೂರ. ಬಸ್ ಚಾರ್ಜು, ಒಂದು ದಿನದ ಕೂಲಿ, ಮಗುವನ್ನು ನೋಡಿಕೊಳ್ಳುವವರು, ಎಲ್ಲ ಬೇಕು. ತೆಲುಗಿನಲ್ಲಿ ಅಳುವವಳಿಗೆ ತೆಲುಗಿನಲ್ಲೇ ಕೇಳುವವರು ಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆಯನ್ನು ಹಕ್ಕು ಎಂದು ಹೇಳುತ್ತದೆ. ಆ ಹಕ್ಕು ನಮ್ಮ ತಾಲ್ಲೂಕು ಆಸ್ಪತ್ರೆಯ ಬಾಗಿಲಿಗೆ ಬರಲಿ ಎಂದು ನಾವು ಒತ್ತಾಯಿಸಬೇಕು. ಅಲ್ಲಿಯವರೆಗೆ 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಟೆಲಿ ಮಾನಸ್‌ನವರು ಉಚಿತವಾಗಿ ಮಾತಾಡುತ್ತಾರೆ. ಆ ನಂಬರನ್ನು ಅಂಗನವಾಡಿ ಗೋಡೆಯ ಮೇಲೆ ಬರೆಯಿರಿ.

ಇನ್ನೊಂದು ಕೆಲಸಕ್ಕೆ ಯಾವ ತರಬೇತಿಯೂ ಬೇಡ. ಅವಳು ನಡುಗುವಾಗ ‘ಹೋದದ್ದು ಹೋಯ್ತು, ಮರೆತುಬಿಡು’ ಎನ್ನಬೇಡಿ. ಪಕ್ಕದಲ್ಲಿ ಕೂತು, ‘ತಪ್ಪು ನಿನ್ನದಲ್ಲ ಕಣಮ್ಮ’ ಎನ್ನಿ.